ಅಧ್ಯಕ್ಷರ ಸಹಿಗೆ ರಾಜ್ಯದ ಹಣ ನಿಲ್ಲುತ್ತದೆಯೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಅವರ ಚಿಂತೆಯಲ್ಲಿರುವ ಇಲ್ಲಿನ ತಂದೆತಾಯಿಯರಿಂದಲೂ ತಿಂಗಳುಗಟ್ಟಲೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತಿರುವುದರಿಂದ, ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಮೆಡಿಕೇಡ್ ಎಂದರೆ ಕಡಿಮೆ ಆದಾಯದವರಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ನೀಡುವ ಆರೋಗ್ಯ ವಿಮೆ; ಅದಕ್ಕಿಂತ ಹೆಚ್ಚು ವಿವರಿಸುವಷ್ಟು ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ.

ಪ್ರಶ್ನೆ: ಅಧ್ಯಕ್ಷರು ಒಂದು ಆದೇಶ ಹೊರಡಿಸಿದರೆ ರಾಜ್ಯಗಳಿಗೆ ಬರುವ ಫೆಡರಲ್ (ಕೇಂದ್ರ ಸರ್ಕಾರದ) ಹಣ ನಿಂತುಹೋಗುತ್ತದೆಯೇ? ನ್ಯಾಯಾಲಯ ತಡೆ ಕೊಟ್ಟಿತೆಂದು ಓದಿದ ಮೇಲೂ ನಮ್ಮ ರಾಜ್ಯ ಸರ್ಕಾರ ಖರ್ಚು ಕಡಿತದ ಮಾತನ್ನೇ ಆಡುತ್ತಿರುವುದೇಕೆ?

ಉತ್ತರ: ಕಾನೂನಿನ ಪ್ರಕಾರ ನಿಲ್ಲಬಾರದು. ಹಣ ಮಂಜೂರು ಮಾಡುವ ಅಧಿಕಾರ ಅಲ್ಲಿನ ಸಂಸತ್ತಿನದು. ಮಂಜೂರಾದ ಹಣವನ್ನು ಆಗಿನ ಅಧ್ಯಕ್ಷ ನಿಕ್ಸನ್ ತಡೆಹಿಡಿದ ಕಾರಣಕ್ಕೇ 1974ರಲ್ಲಿ ಒಂದು ಕಾಯ್ದೆ ಬಂದಿತು. ಖರ್ಚನ್ನು ರದ್ದುಪಡಿಸಬೇಕೆಂದು ಅಧ್ಯಕ್ಷರು ಬಯಸಿದರೆ ಸಂಸತ್ತಿಗೆ ಪ್ರಸ್ತಾವ ಕಳುಹಿಸಬೇಕು, ಅಧಿವೇಶನದ 45 ದಿನಗಳೊಳಗೆ ಒಪ್ಪಿಗೆ ಸಿಗದಿದ್ದರೆ ಹಣ ಬಿಡುಗಡೆ ಮಾಡಬೇಕು ಎಂಬುದು ಅದರ ತಿರುಳು. ಮರುವರ್ಷ ನ್ಯೂಯಾರ್ಕ್ ನಗರದ ಕೊಳಚೆ ನೀರಿನ ಕಾಮಗಾರಿಗಳ ಹಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ವಿರುದ್ಧವೇ ತೀರ್ಪಿತ್ತಿತು.

ಆದರೆ ಕಾನೂನಿನಲ್ಲಿ ಗೆಲ್ಲುವುದಕ್ಕೂ ಹಣ ಕೈಸೇರುವುದಕ್ಕೂ ನಡುವೆ ಅಂತರವಿದೆ, ಮತ್ತು ರಾಜ್ಯಗಳು ನಲುಗುವುದು ಆ ಅಂತರದಲ್ಲಿಯೇ. 2025ರ ಜನವರಿ 27ರಂದು ಶ್ವೇತಭವನದ ಬಜೆಟ್ ಕಚೇರಿಯು ಅನುದಾನ ಮತ್ತು ಸಾಲಗಳ ಪಾವತಿಯನ್ನು ಸದ್ಯಕ್ಕೆ ನಿಲ್ಲಿಸುವಂತೆ ಎಲ್ಲ ಇಲಾಖೆಗಳಿಗೆ ಸುತ್ತೋಲೆ ಹೊರಡಿಸಿತು. ಮೆಡಿಕೇಡ್ ಇದರ ವ್ಯಾಪ್ತಿಗೆ ಬರುವುದಿಲ್ಲವೆಂದು ಶ್ವೇತಭವನ ಹೇಳುತ್ತಿದ್ದಾಗಲೇ, ಮರುದಿನ ಹಲವು ರಾಜ್ಯಗಳ ಅಧಿಕಾರಿಗಳಿಗೆ ಮೆಡಿಕೇಡ್ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆಯೇ ತೆರೆಯಲಿಲ್ಲ. ಅದೇ ಸಂಜೆ ವಾಷಿಂಗ್ಟನ್‌ನ ನ್ಯಾಯಾಧೀಶರೊಬ್ಬರು ತಡೆ ನೀಡಿದರು, 29ರಂದು ಸುತ್ತೋಲೆ ವಾಪಸಾಯಿತು. 22 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿ.ಸಿ. ಹೂಡಿದ ದಾವೆಯಲ್ಲಿ ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯ 31ರಂದು ತಡೆಯಾಜ್ಞೆಯನ್ನೂ, ಮಾರ್ಚ್ 6ರಂದು ಇನ್ನಷ್ಟು ವಿಸ್ತೃತ ಆದೇಶವನ್ನೂ ನೀಡಿತು. ಇಷ್ಟನ್ನು ಓದಿದವರು "ಗೆದ್ದೆವು" ಎಂದು ಬರೆಯುತ್ತಾರೆ. ಬಹುಪಾಲು ಅನುದಾನಗಳಲ್ಲಿ ರಾಜ್ಯವು ಮೊದಲು ತನ್ನ ಕೈಯಿಂದ ಖರ್ಚು ಮಾಡಿ ಆಮೇಲೆ ಫೆಡರಲ್ ಖಜಾನೆಯಿಂದ ಮರುಪಾವತಿ ಪಡೆಯುತ್ತದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಮರುಪಾವತಿ ಬರುತ್ತದೋ ಇಲ್ಲವೋ ಎಂಬ ಅನುಮಾನವೊಂದೇ ಸಾಕು, ಹಣಕಾಸು ಕಾರ್ಯದರ್ಶಿ ಹೊಸ ಗುತ್ತಿಗೆಗಳಿಗೆ ಸಹಿ ಹಾಕುವುದನ್ನು ನಿಲ್ಲಿಸುತ್ತಾರೆ. ಆ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಇದರ ಮೇಲೆ ಪಂಚಾಂಗದ ತೊಡಕು ಬೇರೆ. 46 ರಾಜ್ಯಗಳ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾದರೆ ಫೆಡರಲ್ ವರ್ಷ ಆರಂಭವಾಗುವುದು ಅಕ್ಟೋಬರ್ 1ಕ್ಕೆ. ವರ್ಮಾಂಟ್ ಒಂದನ್ನು ಬಿಟ್ಟರೆ ಉಳಿದೆಲ್ಲ ರಾಜ್ಯಗಳಿಗೂ ಆಯವ್ಯಯವನ್ನು ಸರಿದೂಗಿಸಲೇಬೇಕೆಂಬ ಕಟ್ಟುಪಾಡು ಒಂದಲ್ಲ ಒಂದು ರೂಪದಲ್ಲಿದೆ. ಕೊರತೆ ಬಿದ್ದರೆ ಸಾಲ ಮಾಡಿ ದಿನ ದೂಡುವ ಸ್ವಾತಂತ್ರ್ಯ ವಾಷಿಂಗ್ಟನ್‌ಗೆ ಇದೆ, ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊಗೆ ಇಲ್ಲ. 2025ರ ಜುಲೈ 1ರಂದು ಶಾಲೆಗಳಿಗೆ ಬರಬೇಕಿದ್ದ ಸುಮಾರು 680 ಕೋಟಿ ಡಾಲರ್ ಬರುವುದಿಲ್ಲವೆಂದು ರಾಜ್ಯಗಳಿಗೆ ತಿಳಿದದ್ದು ಜೂನ್ 30ರಂದು. ತಿಂಗಳ ಕೊನೆಗೆ ಹಣ ಬಿಡುಗಡೆಯಾಯಿತು ಎಂಬುದು ನಿಜ, ಆದರೆ ಶಿಕ್ಷಕರ ನೇಮಕಾತಿಯನ್ನು ಅಂತಿಮಗೊಳಿಸಬೇಕಾದ ತಿಂಗಳೇ ಅದು. ನ್ಯಾಯಾಲಯದ ರಕ್ಷಣೆಯೂ ಗಟ್ಟಿಯಾಗಿ ಉಳಿದಿಲ್ಲ. ಶಿಕ್ಷಕರ ತರಬೇತಿ ಅನುದಾನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಏಪ್ರಿಲ್ 4ರಂದು, ಇಂಥ ಹಣದ ತಕರಾರುಗಳಿಗೆ ಬೇರೆಯದೇ ನ್ಯಾಯಾಲಯ ಇದೆ ಎಂಬರ್ಥದ ಆದೇಶವನ್ನು 5–4ರ ಬಹುಮತದಿಂದ ನೀಡಿತು.

ಇನ್ನು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿಗೆ ಬರುತ್ತೇನೆ. ಎಲ್ಲರೂ ಆದೇಶಗಳನ್ನೇ ಎಣಿಸುತ್ತಾ ಕುಳಿತಿದ್ದಾರೆ. 2025ರ ಜುಲೈ 4ರಂದು ಸಹಿಯಾದ ಬಜೆಟ್ ಕಾಯ್ದೆಯನ್ನು ಓದಿದವರು ಕಡಿಮೆ. ಸಂಸತ್ತೇ ಅಂಗೀಕರಿಸಿದ ಕಡಿತಕ್ಕೆ 1974ರ ಕಾಯ್ದೆಯಲ್ಲಿ ಮದ್ದಿಲ್ಲ. ಬಡವರಿಗೆ ಕೊಡುವ ಸ್ನ್ಯಾಪ್ ಆಹಾರ ನೆರವನ್ನೇ ನೋಡಿ. ಫಲಾನುಭವಿಗೆ ಸಿಗುವ ನೆರವಿನ ಪೂರ್ತಿ ವೆಚ್ಚವನ್ನು ಇದುವರೆಗೆ ಫೆಡರಲ್ ಸರ್ಕಾರವೇ ಭರಿಸುತ್ತಿತ್ತು. 2027ರ ಅಕ್ಟೋಬರ್‌ನಿಂದ, ಪಾವತಿಯಲ್ಲಿನ ತಪ್ಪಿನ ಪ್ರಮಾಣ ಶೇ 6 ಅಥವಾ ಅದಕ್ಕಿಂತ ಹೆಚ್ಚಿರುವ ರಾಜ್ಯಗಳು ಆ ವೆಚ್ಚದ ಶೇ 5, 10 ಅಥವಾ 15ರಷ್ಟನ್ನು ತಾವೇ ಕೊಡಬೇಕು. ಆಡಳಿತ ವೆಚ್ಚದಲ್ಲಿ ರಾಜ್ಯದ ಪಾಲು ಅದಕ್ಕೂ ಒಂದು ವರ್ಷ ಮೊದಲೇ ಶೇ 50ರಿಂದ 75ಕ್ಕೆ ಏರುತ್ತದೆ. 2024ರ ಸಾಲಿನಲ್ಲಿ ದೇಶದ ಒಟ್ಟಾರೆ ತಪ್ಪಿನ ಪ್ರಮಾಣ ಶೇ 10.93ರಷ್ಟಿತ್ತು.

ಈ "ತಪ್ಪು" ಎಂದರೆ ವಂಚನೆ ಎಂದು ಹೇಳಿಕೊಂಡು ತಿರುಗುವ ಯೂಟ್ಯೂಬ್ ಪಂಡಿತರಿಗೆ ಒಂದು ಮಾತು: ಗುಮಾಸ್ತರು ಬಾಡಿಗೆಯ ಮೊತ್ತವನ್ನು ತಪ್ಪಾಗಿ ನಮೂದಿಸಿ ಕುಟುಂಬವೊಂದಕ್ಕೆ ಸಿಗಬೇಕಾದ್ದಕ್ಕಿಂತ ಕಡಿಮೆ ಕೊಟ್ಟರೂ ಅದು ಇದೇ ಲೆಕ್ಕಕ್ಕೆ ಸೇರುತ್ತದೆ. ವಿಪರ್ಯಾಸವೆಂದರೆ, ತಪ್ಪಿನ ಪ್ರಮಾಣ ತೀರಾ ಹೆಚ್ಚಿರುವ ರಾಜ್ಯಗಳಿಗೆ ಈ ಹೊರೆ ಹೊರಲು ಹೆಚ್ಚುವರಿ ಕಾಲಾವಕಾಶ ಕೊಡುವ ಕಲಮನ್ನೂ ಅದೇ ಕಾಯ್ದೆಯಲ್ಲಿ ಸೇರಿಸಿದ್ದಾರೆ. 2024ರಲ್ಲಿ ಅಲಾಸ್ಕಾದ ಪ್ರಮಾಣ ಶೇ 24.66! ನಿಮ್ಮ ರಾಜ್ಯ ಕಡಿತದ ಮಾತಾಡುತ್ತಿರುವುದು ಇಂಥ ಲೆಕ್ಕಗಳನ್ನು ಮುಂದಿಟ್ಟುಕೊಂಡು.

ಪ್ರಶ್ನೆ: ಕ್ಯಾಲಿಫೋರ್ನಿಯಾ ತಾನು ವಾಷಿಂಗ್ಟನ್‌ಗೆ ಕಟ್ಟುವ ತೆರಿಗೆಯನ್ನು ತಡೆಹಿಡಿಯಬಾರದೇ?

ಉತ್ತರ: ಆ ತೆರಿಗೆಯನ್ನು ಕಟ್ಟುವವರು ನೀವು ಮತ್ತು ನಿಮ್ಮ ಕಂಪನಿ, ಅದೂ ನೇರವಾಗಿ ಫೆಡರಲ್ ಖಜಾನೆಗೆ, ರಾಜ್ಯದ ಬಳಿ ತಡೆಹಿಡಿಯಲು ಏನೂ ಇಲ್ಲ.

ಪ್ರಶ್ನೆ: ಈ ಕಡಿತದ ಬಿಸಿ ಡೆಮಾಕ್ರಟಿಕ್ ರಾಜ್ಯಗಳಿಗೆ ಮಾತ್ರ ತಟ್ಟುತ್ತದೆಯಂತೆ, ಹೌದೇ?

ಉತ್ತರ: ಇಲ್ಲ. ರಿಪಬ್ಲಿಕನ್ನರ ಹಿಡಿತದಲ್ಲಿರುವ ಮಿಸಿಸಿಪ್ಪಿಯ ಮೆಡಿಕೇಡ್ ವೆಚ್ಚದಲ್ಲಿ ಪ್ರತಿ 100 ಡಾಲರ್‌ಗೆ ಸುಮಾರು 77 ಡಾಲರ್ ಬರುವುದು ವಾಷಿಂಗ್ಟನ್‌ನಿಂದ.

ಪ್ರಶ್ನೆ: ಕರ್ನಾಟಕಕ್ಕೆ ತೆರಿಗೆ ಪಾಲಿನಲ್ಲಿ ಆದ ಅನ್ಯಾಯವೂ ಇದೇ ತಾನೇ?

ಉತ್ತರ: ಅಲ್ಲ. ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದು 15ನೇ ಹಣಕಾಸು ಆಯೋಗದ ಸೂತ್ರದಿಂದ. ಅಮೆರಿಕದಲ್ಲಿ ಅಂಥ ಆಯೋಗವೂ ಇಲ್ಲ, ತೆರಿಗೆ ಹಂಚಿಕೆಯ ಸಾಂವಿಧಾನಿಕ ಹಕ್ಕೂ ಇಲ್ಲ. ಹೋಲಿಸಲೇಬೇಕಿದ್ದರೆ ನಮ್ಮ ಕೇಂದ್ರ ಪುರಸ್ಕೃತ ಯೋಜನೆಗಳೊಂದಿಗೆ ಹೋಲಿಸಿ.

ಪ್ರಶ್ನೆ: ನಮ್ಮ ಅತ್ತೆಯವರು ಗ್ರೀನ್ ಕಾರ್ಡ್ ಪಡೆದು ಎರಡು ವರ್ಷವಾಯಿತು. ಕಡಿತ ಜಾರಿಗೆ ಬರುವ ಮೊದಲೇ ಮೆಡಿಕೇಡ್ ಮಾಡಿಸಿಕೊಡುತ್ತೇನೆ ಎಂದು ಸಲಹೆಗಾರರೊಬ್ಬರು ಶುಲ್ಕ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಒಂದು ಡಾಲರ್ ಕೂಡ ಕೊಡಬೇಡಿ. ಮೆಡಿಕೇಡ್ ಅರ್ಜಿಗೆ ಶುಲ್ಕವೇ ಇಲ್ಲ. ಗ್ರೀನ್ ಕಾರ್ಡ್ ಪಡೆದ ವಯಸ್ಕರಿಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕೆಂಬ ನಿಯಮ 1996ರಷ್ಟು ಹಳೆಯದು. ಅದನ್ನು ಯಾವ ಸಲಹೆಗಾರರೂ ಬದಲಿಸಲಾರರು. ಕೆಲವು ರಾಜ್ಯಗಳು ಸ್ವಂತ ಹಣದಿಂದ ಈ ಅವಧಿಯಲ್ಲೂ ನೆರವು ನೀಡುತ್ತವೆ. ಆದರೆ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ಇಂಥ ಸ್ವಂತ ಖರ್ಚಿನ ಯೋಜನೆಗಳಿಗೇ. ಹಾಗಾಗಿ ಇಂದೇ ನಿಮ್ಮ ಕೌಂಟಿಯ ಕಚೇರಿಗೆ ಕರೆ ಮಾಡಿ ಸದ್ಯದ ನಿಯಮ ಕೇಳಿಕೊಳ್ಳಿ, ಉತ್ತರ ಏನೇ ಬಂದರೂ ಅತ್ತೆಯವರ ಖಾಸಗಿ ವಿಮೆಯನ್ನು ನಿಲ್ಲಿಸಬೇಡಿ.