ಇಟಗಿ, ಬೇಲೂರು ಸ್ಲೈಡ್‌ಗಳ ಗೊಂದಲಕ್ಕೆ

ಕಲಾ ಇತಿಹಾಸದ ಸ್ಲೈಡ್ ಪರೀಕ್ಷೆಯಲ್ಲಿ (ಚಿತ್ರ ನೋಡಿ ಗುಡಿ ಗುರುತಿಸುವುದು) ಇಟಗಿಯ ಮಹಾದೇವ ಗುಡಿ (ಕಲ್ಯಾಣ ಚಾಲುಕ್ಯರದು), ಬೇಲೂರಿನ ಚೆನ್ನಕೇಶವ ಗುಡಿ (ಹೊಯ್ಸಳರದು) ಅದಲುಬದಲಾಗುತ್ತಿವೆ ಅಂದರೆ ನೀವು ಬಹುಶಃ ಕಂಬದ ನುಣುಪು, ಕಲ್ಲು ನೋಡಿ ಉತ್ತರ ಬರೆಯುತ್ತಿದ್ದೀರಿ. ಅದರಿಂದ ಗೊತ್ತಾಗಲ್ಲ. ಎರಡೂ ಬಳಪದ ಕಲ್ಲು, ಕಾಲವೂ ಹತ್ತಿರ (1112, 1117).

ಮೊದಲು ಬುಡ ನೋಡಿ. ಬೇಲೂರಿನ ಗುಡಿ ತನ್ನ ಮೂಲೆಗಳನ್ನೇ ಅನುಸರಿಸುವ ಜಗತಿಯ (ಎತ್ತರದ ಕಟ್ಟೆಯ) ಮೇಲಿದೆ. ಗೋಡೆಯ ಕೆಳಗೆ ಆನೆಗಳ ಸಾಲು. ಆಮೇಲೆ ಗೋಡೆ. ಹೊಯ್ಸಳರಲ್ಲಿ ಒಡವೆ ಹೇರಿಕೊಂಡ ಮೂರ್ತಿಗಳು ಎದ್ದು ಕಾಣುತ್ತವೆ. ಇಟಗಿಯಲ್ಲಿ ಗೋಡೆಗಂಬ, ಪುಟ್ಟ ಶಿಖರದ ಮಾದರಿಗಳೇ ಜಾಸ್ತಿ. ಕೊನೆಗೆ ಮೇಲೆ ನೋಡಿ: ಬೇಲೂರಿನ ಮುಖ್ಯ ಗುಡಿಗೆ ಈಗ ಶಿಖರವಿಲ್ಲ.

ಜಗತಿ ಇಲ್ಲದ ಹೊಯ್ಸಳ ಗುಡಿಗಳೂ ಇವೆ, ಸೋಮನಾಥಪುರದಲ್ಲಿ ಶಿಖರಗಳೂ ಇವೆ. ಒಂದೇ ಗುರುತು ನಂಬಬೇಡಿ. ಖಚಿತವಿಲ್ಲದಿದ್ದರೆ ಸುಮ್ನೆ ಹೆಸರು ಊಹಿಸುವ ಬದಲು ಕಂಡದ್ದನ್ನು ಬರೆಯಿರಿ. ಅದಕ್ಕೆ ಅಂಕ ಇದೆಯಾ ಅಂತ ನಿಮ್ಮ ಮೇಷ್ಟ್ರನ್ನು ಮೊದಲೇ ಕೇಳಿ.