ಮೊದಲು ಪರದೆಯ ಮೇಲೆ ಏನಿದೆ ಹೇಳಿ

ನಮಸ್ಕಾರ,

ಕಲಾವಿದೆ ಮೋನಾ ಹತೂಮ್ ಅವರ 1988ರ ವಿಡಿಯೋ ಕೃತಿ 'ಮೆಷರ್ಸ್ ಆಫ್ ಡಿಸ್ಟೆನ್ಸ್' ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ಬಿಡಬೇಡಿ.

ಮೊದಲ ಎರಡು ಪುಟ 'ನೆನಪು, ನೆನಪು' ಅನ್ನುವುದರಲ್ಲೇ ಮುಗಿದಿದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ವಿಡಿಯೋ ನೋಡಿರುವುದಿಲ್ಲ. ಅವರಿಗೆ ಮೊದಲು ತೋರಿಸಿ. ಲೆಬನಾನಿನ ಬೈರೂತಿನ ಮನೆಯ ಬಚ್ಚಲಲ್ಲಿ ಸ್ನಾನ ಮಾಡುತ್ತಿರುವ ಹತೂಮ್ ಅವರ ತಾಯಿ. ಮಗಳೇ ತೆಗೆದ ಫೋಟೋಗಳು. ಅವುಗಳ ಮೇಲೆ ತಾಯಿಯ ಪತ್ರಗಳ ಅರಬ್ಬಿ ಸಾಲುಗಳು, ಮುಳ್ಳುತಂತಿ ಎಳೆದ ಹಾಗೆ. ಹಿಂದೆ ಇಬ್ಬರೂ ಅರಬ್ಬಿಯಲ್ಲಿ ಹರಟುತ್ತಾ ನಗುವ ಸದ್ದು. ಅದೇ ಪತ್ರಗಳನ್ನು ಇಂಗ್ಲಿಷಿನಲ್ಲಿ ಓದುವ ಮಗಳ ದನಿ. ಎಲ್ಲಾ ಸೇರಿ ಸುಮಾರು 15 ನಿಮಿಷ. ಇಷ್ಟು ಹೇಳಿದರೆ ಅರ್ಧ ಕೆಲಸ ಆದಂತೆ.

'ಪ್ರತಿ ದೃಶ್ಯದಲ್ಲೂ ಕಳೆದುಹೋದ ಮನೆ ಕಾಣುತ್ತದೆ' ಅಂತ ಬರೆದಿದ್ದೀರಿ. ಕಾಣುವುದಿಲ್ಲ ಅಲ್ವಾ? ಅಂಗಳ, ಬೀದಿ ಯಾವುದೂ ಇಲ್ಲ. ಇರುವುದು ತಾಯಿಯ ಮೈ, ಅಕ್ಷರ, ದನಿ. ಮನೆ ತೋರಿಸದೆ ಮನೆ ಕಳೆದದ್ದನ್ನು ಹೇಗೆ ಹೇಳಿದರು ಅನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು.

ಒಂದು ತಪ್ಪೂ ಇದೆ. ಹತೂಮ್ ಅವರ ಬಾಲ್ಯದ ಮನೆ ಪ್ಯಾಲೆಸ್ಟೀನಿನಲ್ಲಿ ಇರಲಿಲ್ಲ. 1948ರಲ್ಲಿ ಅಲ್ಲಿನ ಹೈಫಾ ಊರು ಬಿಟ್ಟು ಬಂದವರು ಅವರ ಅಪ್ಪ ಅಮ್ಮ. ಮಗಳು ಹುಟ್ಟಿದ್ದು 1952ರಲ್ಲಿ, ಬೈರೂತಿನಲ್ಲಿ. 1975ರಲ್ಲಿ ಸ್ವಲ್ಪ ದಿನಕ್ಕೆಂದು ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲೇ ಉಳಿದರು. ತಾಯಿ ಕಳೆದುಕೊಂಡ ಊರು ಒಂದು, ಮಗಳು ಕಳೆದುಕೊಂಡದ್ದು ಇನ್ನೊಂದು. ಎರಡನ್ನೂ ಕಲಸಬೇಡಿ.

ಫೋಟೋ ವಿಷಯಕ್ಕೆ ಅಪ್ಪ ಸಿಟ್ಟಾದದ್ದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಅಲ್ಲಿ ಇನ್ನೂ ಜಾಸ್ತಿ ನಿಲ್ಲಿ. ಕೊನೆಯ ಪತ್ರದಲ್ಲಿ ಅಂಚೆ ಕಚೇರಿಯೇ ಬಾಂಬಿಗೆ ಹಾಳಾದ ಸುದ್ದಿ ಇದೆಯಲ್ಲ, ಅದನ್ನು ಬಿಟ್ಟಿದ್ದು ಯಾಕೆ? ಪತ್ರಗಳಿಂದಲೇ ಕಟ್ಟಿದ ಕೃತಿ ಇದು.

ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ನಿಮ್ಮ ಅಜ್ಜಿ ಮನೆಯ ಭಾಗ ನನಗೆ ತುಂಬಾ ಹಿಡಿಸಿತು. ಆದರೂ ಇಲ್ಲಿ ಬೇಡ. ಯುದ್ಧಕ್ಕೆ ಹೋದ ಊರು, ಅಣೆಕಟ್ಟಿಗೆ ಹೋದ ಊರು, 'ನೋವು ಒಂದೇ' ಅಂದರೆ ಎರಡಕ್ಕೂ ಅನ್ಯಾಯ. ಅದನ್ನು ಬೇರೆಯೇ ಬರೆಯಿರಿ. ನೀರು ಬರುವ ಮುಂಚೆ ಏನೇನು ಕಿತ್ತು ತಂದರು, ಬಾಗಿಲೋ, ತೊಲೆಯೋ, ಹೆಂಚೋ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ.

ಸದ್ಯ ಹತೂಮ್ ಲೇಖನವನ್ನು 1200 ಪದದೊಳಗೆ ತಿದ್ದಿ ಕಳಿಸಿ. ಅಡಿಟಿಪ್ಪಣಿ ಬೇಡ.

ಸಂಪಾದಕ