ಪ್ರತಿಕ್ರಿಯೆ: ಸಾನಿಯಾ ಮಿರ್ಜಾ ಸಿಂಗಲ್ಸ್ ಬಿಟ್ಟಿದ್ದು ಏಕೆ?

27ನೇ ರ‍್ಯಾಂಕಿನವರೆಗೆ ಏರಿದ ಟೆನಿಸ್ ಆಟಗಾರ್ತಿ ಸಾನಿಯಾ ಸಿಂಗಲ್ಸ್ ಬಿಟ್ಟಿದ್ದೇಕೆ, ಡಬಲ್ಸ್‌ನಲ್ಲಿ ನಂಬರ್ ಒನ್ ಆಗಿದ್ದು ಹೇಗೆ ಅಂತ ಕೇಳಿದ್ದೀರಿ. ಮೊದಲ ಕಾರಣ ದೇಹ. 27ನೇ ಸ್ಥಾನ ಬಂದಿದ್ದು 2007ರಲ್ಲಿ. ಮರುವರ್ಷವೇ ಮಣಿಕಟ್ಟಿನ ಶಸ್ತ್ರಚಿಕಿತ್ಸೆ. ಮೊಣಕಾಲೂ ಕಾಡುತ್ತಿತ್ತು. ಅವರ ಫೋರ್‌ಹ್ಯಾಂಡಿನ ವೇಗವೆಲ್ಲ ಮಣಿಕಟ್ಟನ್ನು ಚಾಟಿಯಂತೆ ಬೀಸುವುದರಲ್ಲಿತ್ತು, ಹಾಗಾಗಿ ಪೆಟ್ಟು ಬಿದ್ದಿದ್ದು ಬಂಡವಾಳಕ್ಕೇ.

ಎರಡನೆಯದು ಆಟದ ಲೆಕ್ಕ, ನನ್ನ ಪ್ರಕಾರ ಇದೇ ಹೆಚ್ಚು ಮುಖ್ಯ. ಸಿಂಗಲ್ಸ್‌ನಲ್ಲಿ ಎರಡು ಗೇಮ್‌ಗೊಮ್ಮೆ ಸರ್ವ್ ಮಾಡಬೇಕು, ಇಡೀ ಅಂಕಣ ಓಡಬೇಕು. ಮೊದಲನೆಯದು ತಪ್ಪಿದಾಗ ಮಾಡುವ ಅವರ ಎರಡನೇ ಸರ್ವ್ ಮೆತ್ತಗಿತ್ತು, ಎದುರಾಳಿಗಳು ಅದನ್ನೇ ಕಾದು ಹೊಡೆಯುತ್ತಿದ್ದರು. ಡಬಲ್ಸ್‌ನಲ್ಲಿ ಸರ್ವ್ ಸರದಿ ನಾಲ್ಕು ಗೇಮ್‌ಗೊಮ್ಮೆ, ಕಾಯಬೇಕಾದ್ದು ಅರ್ಧ ಅಂಕಣ. ದೌರ್ಬಲ್ಯ ಮರೆಯಾಗಿ, ರಿಟರ್ನ್ (ಎದುರಾಳಿಯ ಸರ್ವ್‌ಗೆ ಕೊಡುವ ಉತ್ತರ) ಮತ್ತು ಫೋರ್‌ಹ್ಯಾಂಡ್ ಮಾತ್ರ ಮುಂದೆ ನಿಂತವು. 2015ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಯಾದ ಮೇಲಂತೂ ಕೆಲಸ ಹಂಚಿಹೋಯಿತು: ಸಾನಿಯಾ ಹಿಂದಿನಿಂದ ಬಿರುಸಾಗಿ ಹೊಡೆಯುವುದು, ಹಿಂಗಿಸ್ ನೆಟ್ ಬಳಿ ಮುಗಿಸುವುದು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಟೂರ್ನಿಗಳನ್ನು ಸಾಲಾಗಿ ಗೆದ್ದು ಆ ಏಪ್ರಿಲ್‌ನಲ್ಲೇ ಸಾನಿಯಾ ನಂಬರ್ ಒನ್. ಆಮೇಲೆ ವಿಂಬಲ್ಡನ್, ಅಮೆರಿಕ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಸತತ 41 ಪಂದ್ಯಗಳ ಗೆಲುವು.

ಡಬಲ್ಸ್ ರ‍್ಯಾಂಕಿಂಗ್ ಜೋಡಿಗಲ್ಲ, ಪ್ರತಿ ಆಟಗಾರ್ತಿಗೂ ಬೇರೆಬೇರೆಯಾಗಿ ಸಿಗುತ್ತದೆ. ಸಿಂಗಲ್ಸ್ ಅಂಕಗಳು ಅದಕ್ಕೆ ಸೇರುವುದಿಲ್ಲ. ಮಿಶ್ರ ಡಬಲ್ಸ್‌ಗಂತೂ ಅಂಕಗಳೇ ಇಲ್ಲ. ಹಾಗಾಗಿ ಮಹೇಶ್ ಭೂಪತಿ ಜೊತೆ ಗೆದ್ದ 2009ರ ಆಸ್ಟ್ರೇಲಿಯನ್ ಓಪನ್, 2012ರ ಫ್ರೆಂಚ್ ಓಪನ್‌ಗಳಿಂದ ರ‍್ಯಾಂಕಿಂಗ್‌ಗೆ ಬಿಡಿಗಾಸಿನ ಲಾಭವೂ ಆಗಿಲ್ಲ.